ಕಳುವಾದ ಕೂಗು, ನಿದ್ದೆಗೆಟ್ಟ ಆಮೆ

೧

ಮಳೆಯಿಂದ ಶುರುಮಾಡಲೇ? ಪತ್ತೇದಾರಿ ಕಥೆ ಅಂದಮೇಲೆ ಮಳೆ ಬೇಕು, ಒದ್ದೆ ರಸ್ತೆ ಬೇಕು, ಮಿಣುಕುವ ಕೆಂಪು ದೀಪ ಬೇಕು, ದೀಪದ ಕೆಳಗೆ ಕಾಲರ್ ಎತ್ತಿಕೊಂಡು ನಿಂತವನೊಬ್ಬ ಬೇಕು. ಸರಿ, ಬರೆದೆ:

"ಆ ರಾತ್ರಿ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಆಮೆ ತನ್ನ ಟೋಪಿಯನ್ನು ಹಣೆಗಿಳಿಸಿಕೊಂಡಿತು."

ಆಮೆಗೆ ಟೋಪಿಯೇ ಎಂದು ನೀವು ಕೇಳುತ್ತೀರಿ. ಕೇಳಿ, ಪರವಾಗಿಲ್ಲ. ಆದರೆ ಈ ಮಳೆ, ಈ ಆಮೆ ಎರಡೂ ಇರುವುದು ಒಂದು ವಿಡಿಯೋ ಗೇಮಿನ ಒಳಗೆ. ಹೊರಗೆ, ದಕ್ಷಿಣ ಆಫ್ರಿಕಾದ ಡರ್ಬನ್ನಿನ ಕ್ವಾಮಾಶು ಬಡಾವಣೆಯಲ್ಲಿ, ಫೆಬ್ರವರಿಯ ಮಟಮಟ ಮಧ್ಯಾಹ್ನ. ಸಲೂನಿನ ಮೇಲಿನ ಒಂಟಿ ಕೋಣೆಯಲ್ಲಿ ಫ್ಯಾನು ಕೆಟ್ಟು ಕೂತಿದೆ, ಆಟದ ಕಥೆ ಬರೆಯುತ್ತಿರುವ ಜಿಬುಯಿಲೆ ಬೆವರಿ ತೊಪ್ಪೆಯಾಗಿದ್ದಾಳೆ. (ಕೆಳಗಿನ ಸಲೂನಿನಲ್ಲೇ ನಾನು ಹನ್ನೆರಡು ವರ್ಷದಿಂದ ಕೂದಲು ಕತ್ತರಿಸಿಕೊಳ್ಳುವುದು. ಈಗ ಕತ್ತರಿಸಲು ಹೆಚ್ಚೇನೂ ಉಳಿದಿಲ್ಲ. ಸುದ್ದಿ ಕೇಳಲು ಹೋಗುತ್ತೇನೆ.)

ಹಾಗಾದರೆ ಬೆವರಿನಿಂದ ಶುರುಮಾಡಬೇಕಿತ್ತು. ಮೇಲಿನದನ್ನು ಹೊಡೆದುಹಾಕಿ.

೧ (ಮತ್ತೆ)

ಜಿಬುಯಿಲೆಗೆ ಮೂವತ್ತೊಂದು ವರ್ಷ. ಮೂರು ವರ್ಷದಿಂದ ಅವಳೂ, ಚಿತ್ರ, ಸದ್ದು, ಪ್ರೋಗ್ರಾಮು ಎಲ್ಲವನ್ನೂ ನೋಡಿಕೊಳ್ಳುವ ಗೆಳೆಯ ಸಾಂಡಿಸೊನೂ ಕೂಡಿ ಈ ಆಟ ಕಟ್ಟುತ್ತಿದ್ದಾರೆ. ಆಟದ ಊರಿನಲ್ಲಿ ಯಾರೋ ಹುಂಜದ ಕೂಗನ್ನು ಕದ್ದಿದ್ದಾರೆ. ಹುಂಜ ಕೂಗದೆ ಬೆಳಗಾಗುವುದಿಲ್ಲ, ಹಾಗಾಗಿ ಅಲ್ಲಿ ಸದಾ ರಾತ್ರಿ. ಕತ್ತೆಕಿರುಬ ಬಾರು ನಡೆಸುತ್ತದೆ. ಮೊಲ ಪೊಲೀಸರಿಗೂ ಕಳ್ಳರಿಗೂ ಸುದ್ದಿ ಮಾರುತ್ತದೆ. ಕೆಂಪು ಗೌನಿನ ಪುನುಗಿನ ಬೆಕ್ಕು ಹಾಡುತ್ತದೆ, ನೋಡಿದರೆ ಸಾಕು, ಇವಳಿಗೆ ಏನೋ ಗೊತ್ತು ಅನ್ನಿಸಬೇಕು. ಪತ್ತೇದಾರ ಆಮೆ. ಕೂಗು ಕದ್ದವರು ಯಾರು ಎಂದು ಆಡುವವರು ಆಮೆಯನ್ನು ನಡೆಸಿಕೊಂಡು ಹೋಗಿ ಹುಡುಕಬೇಕು.

ಶನಿವಾರ ಪಟ್ಟಣದಲ್ಲಿ ಆಟಗಳ ಪ್ರದರ್ಶನ. ಶುಕ್ರವಾರ ಸಂಜೆಯೊಳಗೆ ಪೂರ್ತಿ ಆಟ ಕೈಗೊಪ್ಪಿಸಬೇಕು. ಇವತ್ತು ಬುಧವಾರ. ಮಳೆ ಇದೆ, ಸ್ಯಾಕ್ಸೋಫೋನ್ ಇದೆ, ಕಿಟಕಿ ಪಟ್ಟಿಗಳ ನೆರಳು ಇದೆ. ಕೊನೆ ಮಾತ್ರ ಇಲ್ಲ.

ಯಾಕಿಲ್ಲ ಎಂದರೆ, ನಾಚಿಕೆಗೇಡಿನ ವಿಷಯ, ಜಿಬುಯಿಲೆಗೆ ಕಥೆಯ ಕೊನೆ ಗೊತ್ತಿಲ್ಲ. ಕಥೆ ಅವಳದಲ್ಲ, ಗೋಗೋದು. ಗೋಗೋ ಅಂದರೆ ಅವಳ ಅಜ್ಜಿ. ಚಿಕ್ಕಂದಿನಲ್ಲಿ ದಿನಾ ಕತ್ತಲಾದ ಮೇಲೆ, ಚಾಪೆಯ ಮೇಲೆ, ಒಂದೇ ಕಂಬಳಿಯೊಳಗೆ ಗೋಗೋ ಈ ಕಥೆ ಹೇಳುತ್ತಿದ್ದಳು. ಆಮೆ ಹಳ್ಳದಾಚೆಯ ಕೊನೆಯ ಮನೆಯ ಬಾಗಿಲು ತಟ್ಟುವ ಹೊತ್ತಿಗೆ ಜಿಬುಯಿಲೆ ಗೊರಕೆ. ಬೆಳಗ್ಗೆ ಗೋಗೋ, "ಹೆಂಗಿತ್ತು ಕಥೆ?" ಎಂದರೆ, "ಭಾಳ ಚೆನ್ನಾಗಿತ್ತು ಗೋಗೋ!" ಕಾಗೆ ಹಾರಿಸುವುದನ್ನು ಅವಳು ಕಲಿತದ್ದೇ ಅಲ್ಲಿ. ಈಗ ಹೋಗಿ ಕೊನೆ ಕೇಳಿದರೆ ಇಪ್ಪತ್ತೈದು ವರ್ಷದ ಸುಳ್ಳು ಹೊರಬೀಳುತ್ತದೆ.

೨

ಹಾಗಂತ ಸುಮ್ಮನೆ ಕೂತಿದ್ದಳೇ? ಮೂರು ಅಂತ್ಯ ಬರೆದಿದ್ದಳು.

ಒಂದು: ಕೂಗು ಕಳೆದಿದೆ ಎಂದು ದೂರು ಕೊಟ್ಟ ಹುಂಜವೇ ಅದನ್ನು ಬಚ್ಚಿಟ್ಟಿದೆ.

"ದೂರು ಕೊಟ್ಟವರೇ ಕಳ್ಳರು," ಎಂದ ಸಾಂಡಿಸೊ, ಬನ್ನಿ ಚೌ ಎಂಬ ಸಾರು ತುಂಬಿದ ಬ್ರೆಡ್ಡನ್ನು ಮುರಿದು ಅದೇ ಸಾರಿಗೆ ಅದ್ದುತ್ತಾ. "ಅಕ್ಕಾ, ಇದನ್ನ ನಮ್ಮಮ್ಮ ಅಡುಗೆ ಮಾಡ್ತಾ ಮಾಡ್ತಾನೇ ಕಂಡುಹಿಡೀತಾಳೆ."

ಎರಡು: ಕದ್ದದ್ದು ಆಮೆಯೇ. ತಲೆಗೆ ಪೆಟ್ಟು ಬಿದ್ದು ಮರೆತಿದೆ.

"ತಲೆ ಚಿಪ್ಪಿನೊಳಗೆ ಎಳ್ಕೊಳ್ಳೋ ಪ್ರಾಣಿಗೆ ತಲೆಗೆ ಪೆಟ್ಟು ಹೆಂಗ್ ಬೀಳುತ್ತೆ?"

ಮೂರು: ಎಲ್ಲವೂ ಕನಸು.

ಸಾಂಡಿಸೊ ಬ್ರೆಡ್ಡು ಕೆಳಗಿಟ್ಟು ಅವಳನ್ನೇ ನೋಡಿದ. ಅವಳೇ ಅಳಿಸಿದಳು.

(ನಾನೂ ಒಂದು ಕೊಟ್ಟೆ: ಕೂಗನ್ನು ಕದ್ದದ್ದು ಕಥೆ ಬರೆಯುವವನು, ಅವನಿಗೆ ಬೆಳಗ್ಗೆ ಬೇಗ ಏಳುವುದು ಇಷ್ಟವಿಲ್ಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.)

೪

ಮೂರು ಎಲ್ಲಿ ಹೋಯಿತು ಎನ್ನಬೇಡಿ. ಮೂರರಲ್ಲಿ ಪುನುಗಿನ ಬೆಕ್ಕು ನಾಲ್ಕು ಪುಟ ಹಾಡುತ್ತಿತ್ತು, ಹರಿದೆ. ಅದರ ನಡುವೆ ಆಮೆ ಬಾಯಿ ಹಾಕಿ ಆಡಿದ ಮಾತಷ್ಟೇ ಉಳಿಸಿಕೊಂಡಿದ್ದೇನೆ. ಅದು ಜಿಬುಯಿಲೆಗೆ ಹೇಳಿತೋ ನನಗೆ ಹೇಳಿತೋ ಗೊತ್ತಿಲ್ಲ, ಇಬ್ಬರೂ ಬೈಸಿಕೊಂಡೆವು.

"ಅಲ್ರೀ, ನನಗೆ ನಡೆಯೋದು ಬರೆದಿದ್ದೀರಿ, ಓಡೋದು ಬರೆದಿದ್ದೀರಿ, ಗೋಡೆಗೊರಗಿ ಸಿಗರೇಟು ಹಚ್ಚೋದನ್ನ ಹದಿನಾಲ್ಕು ಚಿತ್ರದಲ್ಲಿ ಬರೆದಿದ್ದೀರಿ. ಮಲಗೋದು ಎಲ್ಲಿ?"

"ಪತ್ತೇದಾರರು ಮಲಗಲ್ಲ. ಅದು ಈ ಜಾತಿಯ ಕಥೆಯ ರೂಢಿ," ಎಂದೆ.

"ರೂಢಿಯಂತೆ ರೂಢಿ! ಮೂರು ವರ್ಷ ಆಯ್ತು ಮಾರಾಯ್ರೇ, ಕಣ್ಣು ಉರೀತಾ ಇದೆ. ಕೂಗು ಕದ್ದೋನು ಯಾರಾದ್ರೇನು, ಹಾಳಾಗೋಗ್ಲಿ. ನನ್ನನ್ನ ಒಂದು ಕಡೆ ಮಲಗಿಸಿ."

ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ, ತಲೆ ಮೇಲೆ ಕೂರುತ್ತವೆ. ಮಾತು ಬದಲಿಸಿದೆ.

೫

ಅದೇ ಬುಧವಾರ ಗೋಗೋ ತಾನಾಗಿಯೇ ಬಂದಳು. ತಿಂಗಳಿಗೊಮ್ಮೆ ಮೊಣಕಾಲಿನ ಮಾತ್ರೆಗೆ ಪಕ್ಕದ ಊರು ಇನಾಂಡಾದಿಂದ ಬರುತ್ತಾಳೆ, ಮೊಮ್ಮಗಳನ್ನು ನೋಡಿ ನಾಲ್ಕರ ವ್ಯಾನು ಹಿಡಿದು ಹೋಗುತ್ತಾಳೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತವಳೇ ಪರದೆ ನೋಡಿದಳು.

"ಅದೇನೇ ಆಮೆಗೆ ಕೋಟು ಹಾಕಿದ್ದೀರಿ? ಸೆಕೆ ಆಗಲ್ವೇನೇ ಅದಕ್ಕೆ?"

ಜಿಬುಯಿಲೆ ಪರದೆಯನ್ನು ಅವಳತ್ತ ತಿರುಗಿಸಿದಳು. "ಗೋಗೋ, ನಿನ್ನ ಕಥೇನೇ ಇದು. ಕೊನೆ ಭಾಗ ನಿನ್ನ ದನಿಯಲ್ಲೇ ಬೇಕಿತ್ತು. ಈಗ ಹೇಳ್ತೀಯಾ?"

ನೋಡಿ, ಎಷ್ಟು ಜಾಣತನ! ಗೊತ್ತಿಲ್ಲ ಅನ್ನಲಿಲ್ಲ, ದನಿ ಬೇಕು ಅಂದಳು. ಆದರೆ ಗೋಗೋ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

"ಈಗ್ಲಾ? ನಡುಹಗಲಲ್ಲಿ? ಹುಚ್ಚು ಹಿಡೀತಾ? ಹಗಲು ಕಥೆ ಹೇಳಿದ್ರೆ ತಲೆ ಮೇಲೆ ಕೊಂಬು ಮೊಳೆಯುತ್ತೆ. ಹೇಳಿದೋಳಿಗೂ, ಕೇಳಿದೋಳಿಗೂ."

"ಸರಿ, ರಾತ್ರಿ ಫೋನ್ ಮಾಡ್ತೀನಿ."

"ಏಳೂವರೆಗೆ ಧಾರಾವಾಹಿ. ಎಂಟಕ್ಕೆ ನಾನು ಹೆಣದಂಗೆ ಮಲಗಿರ್ತೀನಿ."

ಜಿಬುಯಿಲೆಯ ಮುಖ ಬಾಡಿತು. ಮೂರು ವರ್ಷ ನೀರಿನಲ್ಲಿ ಹೋಮವಾಗುವುದು ಅವಳ ಕಣ್ಣಿಗೇ ಕಟ್ಟಿತು. ಆಗ ಸಾಂಡಿಸೊ ಮೂಲೆಯಿಂದ ಒಂದು ದಪ್ಪ ಕಂಬಳಿ ಎಳೆದು ತಂದ. ಕೋಣೆಯಲ್ಲಿ ದನಿ ಮೊಳಗಬಾರದೆಂದು ಅವರು ಮಾಡುವುದೇ ಹಾಗೆ: ಮಾತಾಡುವವರ ತಲೆಯ ಮೇಲೆ ಕಂಬಳಿ ಹೊದಿಸಿ, ಒಳಗೆ ಮೈಕು ಇಟ್ಟು ದನಿ ಹಿಡಿಯುವುದು. ಕತ್ತೆಕಿರುಬಕ್ಕೆ ದನಿ ಕೊಟ್ಟ ಟ್ಯಾಕ್ಸಿ ಡ್ರೈವರು ಒಳಗೆ ಬೆಂದು ಅರ್ಧ ಕಿಲೋ ಇಳಿದಿದ್ದ.

"ಗೋಗೋ, ತಪ್ಪು ತಿಳ್ಕೋಬೇಡಿ. ಇದರೊಳಗೆ ಒಂಚೂರು ತಲೆ ಹಾಕಿ ನೋಡ್ತೀರಾ?"

ಗೋಗೋ ತಲೆ ಹಾಕಿದಳು. ಒಳಗಿನಿಂದ ದನಿ ಬಂತು.

"ಇಲ್ಲಿ ರಾತ್ರಿ ಆಗೋಗಿದೆ."

"ಹೂಂ ಗೋಗೋ."

"ಹಂಗಾದ್ರೆ ಜಿಬುಯಿಲೇನೂ ಒಳಗೆ ಬರ್ಲಿ. ಈ ಮೈಕಿನ ಕಬ್ಬಿಣಕ್ಕೆ ಕಥೆ ಹೇಳೋಕಾಗಲ್ಲ, ಹೂಂಗುಡೋರು ಬೇಕು."

೬

ಕಂಬಳಿಯೊಳಗೆ ಏನಾಯಿತು ಎಂಬುದನ್ನು ನಾನು ನೋಡಿಲ್ಲ, ನೋಡಲು ಬೆಳಕೂ ಇರಲಿಲ್ಲ. ಸಾಂಡಿಸೊ ಹಿಡಿದ ದನಿಯನ್ನು ಕೇಳಿ ಬರೆಯುತ್ತಿದ್ದೇನೆ.

ಗೋಗೋ ಹೇಳುತ್ತಾಳೆ, ಜಿಬುಯಿಲೆ ಹೂಂ ಅನ್ನುತ್ತಾಳೆ. ಆಮೆ ಮೊಲದ ಹತ್ತಿರ ಹೋಯಿತು, ಹೂಂ, ಮೊಲ ಬುರುಡೆ ಬಿಟ್ಟಿತು, ಹೂಂ, ಕಿರುಬ ಹಲ್ಲು ಕಿರಿಯಿತು, ಹೂಂ. ಆಮೆ ಹಳ್ಳ ದಾಟಿ ಕೊನೆಯ ಮನೆಯ ಬಾಗಿಲು ತಟ್ಟಿತು.

"ಹೂಂ."

ಗೋಗೋ ಸುಮ್ಮನಾದಳು.

"ಆಮೇಲೆ, ಗೋಗೋ?"

"ನೀನು ಮಲಗಿಲ್ವಾ?"

"ಇಲ್ಲ."

"ಯಾಕೆ ಮಲಗಿಲ್ಲ?" ಗೋಗೋನ ದನಿಯಲ್ಲಿ ನಿಜವಾಗಿಯೂ ಸಿಟ್ಟಿತ್ತು. "ಇಷ್ಟೊತ್ತಿಗೆ ಮಲಗಿರ್ಬೇಕಿತ್ತು ನೀನು!"

"ಕೊನೆ ಕೇಳ್ಬೇಕು ಗೋಗೋ. ನಾನು... ನಾನು ಯಾವತ್ತೂ ಕೊನೆ ಕೇಳೇ ಇಲ್ಲ. ಬೆಳಗ್ಗೆ ಎದ್ದು ಚೆನ್ನಾಗಿತ್ತು ಅಂತಿದ್ದೆನಲ್ಲ, ಅಷ್ಟೂ ಸುಳ್ಳು. ದಿನಾ ಈ ಬಾಗಿಲ ಹತ್ರಾನೇ ಮಲಗ್ಬಿಡ್ತಿದ್ದೆ."

ಇಲ್ಲಿ ಕಂಬಳಿ ಉಜ್ಜಿದ ಸದ್ದಿದೆ. ಆಮೇಲೆ ಗೋಗೋ ಉಸಿರು ಬಿಟ್ಟದ್ದು.

"ನನಗೆ ಗೊತ್ತಿರ್ಲಿಲ್ವೇನೇ? ನಿನ್ನ ಉಸಿರು ಭಾರ ಆದ ತಕ್ಷಣ ನಾನೂ ನಿಲ್ಲಿಸ್ತಿದ್ದೆ. ಈ ಬಾಗಿಲಿನಾಚೆ ನಾನು ಯಾವತ್ತೂ ಹೋಗಿಲ್ಲ ಮಗಳೇ."

"ನಿನಗೂ ಗೊತ್ತಿಲ್ವಾ?"

"ಎಲ್ಲಿಂದ ಗೊತ್ತಿರುತ್ತೆ? ನನ್ನ ಗೋಗೋ ಹೇಳೋಳು, ನಾನೂ ಇಲ್ಲೇ ಮಲಗ್ತಿದ್ದೆ. ಬೆಳಗ್ಗೆ ಚೆನ್ನಾಗಿತ್ತು ಅಂತಿದ್ದೆ."

ಮೊದಲು ಯಾರು ನಕ್ಕರೋ ತಿಳಿಯುವುದಿಲ್ಲ. ಆಮೇಲಿನ ಎರಡು ನಿಮಿಷ ಬರೀ ನಗು, ಮೈಕು ಬಿದ್ದ ಸದ್ದು, ಮತ್ತೆ ನಗು. ಸಾಂಡಿಸೊ ಹೊರಗಿನಿಂದ "ಏನಾಯ್ತು, ಏನಾಯ್ತು?" ಎಂದು ಬಡಿದುಕೊಳ್ಳುತ್ತಿದ್ದಾನೆ. ಕೊನೆಗೆ ಜಿಬುಯಿಲೆ ಅಳುತ್ತಿದ್ದಳು ಎಂದು ನನ್ನ ಅನುಮಾನ. ನೋವಿಗಲ್ಲ. ತನ್ನ ಸುಳ್ಳಿಗೂ ಒಂದು ಮನೆತನ ಇದೆ ಎಂದು ತಿಳಿದ ಸಮಾಧಾನಕ್ಕೆ.

"ಹಂಗಾದ್ರೆ ಕೊನೆ ಯಾವುದು ಗೋಗೋ?"

"ನೀನು ಮಲಗೋದೇ ಕೊನೆ. ಇನ್ನೇನು?"

೭

ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸುವುದಕ್ಕೆ ಬೇರೆ ದಾರಿಗಳೂ ಇವೆ:

(ಅ) ಶನಿವಾರ ಆಟಕ್ಕೆ ಬಹುಮಾನ. ಚಪ್ಪಾಳೆ. ಗೋಗೋ ವೇದಿಕೆಯ ಮೇಲೆ. ನಿಮಗೆ ಬೇಕಿದ್ದರೆ ಇಟ್ಟುಕೊಳ್ಳಿ. ನನಗೆ ಇಂಥದ್ದರಲ್ಲಿ ಕೈ ಓಡುವುದಿಲ್ಲ.

(ಆ) ಅಂದು ರಾತ್ರಿ ಪಕ್ಕದ ಮನೆಯ ಹುಂಜದ ಕೂಗು ನಿಂತುಹೋಗುತ್ತದೆ. ಬೆನ್ನುಹುರಿ ಜುಮ್ಮೆನ್ನಬೇಕು. ಆದರೆ ಆ ಹುಂಜ ನನಗೆ ಗೊತ್ತು, ಅದನ್ನು ಯಾರಿಂದಲೂ ನಿಲ್ಲಿಸಲಾಗದು.

(ಇ) ನಡೆದದ್ದು.

ನಡೆದದ್ದು ಇಷ್ಟು. ನಾಲ್ಕರ ವ್ಯಾನು ತಪ್ಪಿ ಗೋಗೋ ಮೊಮ್ಮಗಳ ಮನೆಯಲ್ಲೇ ಉಳಿದಳು. ರಾತ್ರಿಯೆಲ್ಲ ಕೂತು ಸಾಂಡಿಸೊ ಆಮೆ ಮಲಗುವುದನ್ನು ಬರೆದ, ಬರೋಬ್ಬರಿ ಇಪ್ಪತ್ತು ಚಿತ್ರ: ಟೋಪಿ ತೆಗೆಯುವುದು, ಕೋಟು ಮಡಿಸುವುದು, ಕಾಲು ಒಳಗೆ, ತಲೆ ಒಳಗೆ. ಜಿಬುಯಿಲೆ ಹೊಸ ಕೊನೆ ಕೂಡಿಸಿದಳು. ಆಮೆ ಕೊನೆಯ ಬಾಗಿಲು ತಟ್ಟಿದ ಮೇಲೆ ಆಡುವವರು ಏನನ್ನೂ ಒತ್ತದೆ ಕೈ ಬಿಟ್ಟು ಕೂತರೆ ಗೋಗೋನ ದನಿ ಮೆಲ್ಲಗಾಗುತ್ತಾ ಹೋಗುತ್ತದೆ. "ಮಲಗಿದ್ಯಾ?" ಎಂದು ಕೇಳುತ್ತದೆ. ಯಾವುದಾದರೂ ಗುಂಡಿ ಒತ್ತಿದರೆ "ಇಲ್ವಾ? ಸರಿ ಕೇಳು," ಎಂದು ಕಥೆ ಮೊದಲಿಂದ ಶುರು. ಏಳು ನಿಮಿಷ ಒತ್ತದೇ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ, ಆಮೆ ಮಲಗುತ್ತದೆ.

ಗುರುವಾರ, ಊಟ ಆದಮೇಲೆ, ಕೊನೆ ಸರಿಯಾಗಿ ಬರುತ್ತದೋ ಇಲ್ಲವೋ ಎಂದು ಪರೀಕ್ಷೆ. ಜಿಬುಯಿಲೆ ಕುರ್ಚಿಯಲ್ಲಿ ಕೂತಳು. ಸಾಂಡಿಸೊ ನೆಲದ ಮೇಲೆ. ಗೋಗೋ ಹಿಂದಿನ ಸ್ಟೂಲಿನ ಮೇಲೆ, ಕೈಯಲ್ಲಿ ನೀರಿನ ಲೋಟ. ಪರದೆಯಲ್ಲಿ ಮಳೆ. ಆಮೆ ಬಾಗಿಲು ತಟ್ಟಿತು. ಜಿಬುಯಿಲೆ ಕೈ ಬಿಟ್ಟಳು. ಸ್ಪೀಕರಿನಿಂದ ಗೋಗೋನ ದನಿ ಮೆಲ್ಲಗೆ, ಇನ್ನೂ ಮೆಲ್ಲಗೆ.

"ಮಲಗಿದ್ಯಾ?"

ಜಿಬುಯಿಲೆ ಕಣ್ಣು ಬಿಟ್ಟಾಗ ಗಂಟೆ ನಾಲ್ಕೂವರೆ. ಪರದೆ ಕಪ್ಪಗಿತ್ತು. ಸಾಂಡಿಸೊ ನೆಲದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವಳ ಮೊಣಕಾಲಿನ ಮೇಲೆ ಯಾರೋ ಕಂಬಳಿ ಹೊದಿಸಿದ್ದರು, ಈ ಸೆಕೆಯಲ್ಲಿ. ಗೋಗೋ ಸ್ಟೂಲಿನ ಮೇಲೆ ಕೂತೇ ಇದ್ದಳು, ಕಣ್ಣುಗಳು ಮಿಂಚುತ್ತಿದ್ದವು.

"ಅಯ್ಯೋ! ಗೋಗೋ, ನೀನು ಎಚ್ಚರ ಇದ್ಯಾ? ಪೂರ್ತಿ ನೋಡಿದ್ಯಾ?"

"ನೋಡಿದೆ."

"ಬಾಗಿಲು ತೆರೀತಾ?"

"ಹೂಂ."

"ಆಮೇಲೆ? ಒಳಗೆ ಯಾರಿದ್ರು? ಏನಾಯ್ತು?"

(ಒಳಗೆ ಯಾರನ್ನು ಇಟ್ಟಿದ್ದೇನೆಂದು ಅವಳಿಗೇ ಗೊತ್ತಿರಬೇಕಲ್ಲವೇ ಎನ್ನುತ್ತೀರಿ. ಅವಳು ಬರೀ ಕತ್ತಲೆ ಇಟ್ಟಿದ್ದಳು. ಸಾಂಡಿಸೊ ಬೆಳಗಿನ ಜಾವ ಅಲ್ಲಿ ಏನೋ ಬರೆದು, ನೀನೇ ನೋಡು ಎಂದಿದ್ದ. ಅವನನ್ನು ಎಬ್ಬಿಸಿ ಕೇಳೋಣವೆಂದು ನಾನು ಹೊರಟೆ. ಆಮೆ ನನ್ನ ಕಡೆ ತಿರುಗಿ ಶ್... ಎಂದಿತು. ಅಲ್ಲ, ಅದೂ ಸುಳ್ಳು. ಆಮೆ ಆಗಲೇ ಮಲಗಿತ್ತು ಎಂದುಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಸಲೂನಿನ ಕುರ್ಚಿಯಲ್ಲಿ ನನಗೂ ಜೊಂಪು ಹತ್ತಿತ್ತು.)

ಗೋಗೋ ಎದ್ದು ಬಂದು ಜಿಬುಯಿಲೆಯ ತಲೆಯ ಮೇಲೆ ಕೈಯಾಡಿಸಿದಳು, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಏನೂ ಮೊಳೆತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವಳಂತೆ. ಕಿಟಕಿಯ ಪರದೆ ಸರಿಸಿದಳು. ಬಿಸಿಲು ದಬದಬ ಒಳಗೆ ಬಿತ್ತು.

"ಭಾಳ ಚೆನ್ನಾಗಿತ್ತು," ಎಂದಳು. "ಮಿಕ್ಕಿದ್ದು ಕೇಳ್ಬೇಡ. ಹಗಲು."