ಸ್ವಖುಷಿಯಿಂದ

“ಏನ್ ನೋಡ್ಲಿಕತ್ತೀಯೋ ಮಲಕಪ್ಪಾ? ಇಳಿ. ನಿನಗೇನು ಇದು ಹೊಸಾದೇನ?”

ಸುಖೇಶ್ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಹೇಳಿದರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಮರಾಠಿ ಸೀಮೆಯ ನಿಗಡಿಯಲ್ಲಿನ ಕನ್ನಡ ಕ್ರೈಸ್ತ ಸಭೆಗೆ ಕಾರ್ಯದರ್ಶಿಯಾಗಿದ್ದವರು ಅವರು. ಅಂದು ಸಭೆಯ ಸೇವಾ ಭಾನುವಾರ. ಆರಾಧನೆ ಮುಗಿಸಿ ನಲವತ್ತು ಮಂದಿ ನೀಲಿ ಟೀ ಶರ್ಟ್ ತೊಟ್ಟು ರೈಲು ಹಳಿಯ ಪಕ್ಕದ ಬಸ್ತಿಗೆ ಬಂದಿದ್ದರು. ಓಣಿ ಗುಡಿಸಿ, ಎಲ್ಲರೂ ಬಳಸುವ ಸಂಡಾಸದ ಗೋಡೆಗೆ ಸುಣ್ಣ ಬಳಿದಿದ್ದರು. ನಾಲ್ಕು ಗಂಟೆಗೆ ಕ್ಯಾಂಪಿನ ದೊಡ್ಡ ಚರ್ಚಿನಿಂದ ಹಿರಿಯ ಪಾದ್ರಿಗಳು ಬಂದು ಪ್ರಾರ್ಥಿಸಿ ಅದನ್ನು ಬಸ್ತಿಗೆ ಒಪ್ಪಿಸುವವರಿದ್ದರು. ಮೂರರ ಹೊತ್ತಿಗೆ ಹಿಂದಿನ ಗಟಾರದ ಚೇಂಬರ್ ಉಕ್ಕಿ ಹೊಲಸು ನೀರು ಹೊಸ ಸುಣ್ಣದ ಬುಡಕ್ಕೆ ಬಂದು ನಿಂತಿತು.

ಮಲಕಪ್ಪನೂ ನೀಲಿ ಟೀ ಶರ್ಟ್ ತೊಟ್ಟಿದ್ದ. ಅವನು ಈ ಬಸ್ತಿಯವನೇ, ಸಭೆಯವನೂ ಹೌದು. ಹಿಂದೆ ಗಟಾರಕ್ಕೆ ಇಳಿಯುತ್ತಿದ್ದವನು ದೀಕ್ಷಾಸ್ನಾನವಾದ ವಾರವೇ ಅದನ್ನು ಬಿಟ್ಟು ನೆಲಕ್ಕೆ ಫರಸಿ ಕಲ್ಲು ಕೂಡಿಸುವುದನ್ನು ಕಲಿತಿದ್ದ. ಐದು ವರ್ಷ ಕಡೆಯ ಬೆಂಚಿನಲ್ಲಿ ಕೂತವನ ಹೆಸರು ಸೇವೆಯ ಪಟ್ಟಿಯಲ್ಲಿ ಬಂದದ್ದು ಇದೇ ಮೊದಲು. ಬೆಳಿಗ್ಗೆಯಿಂದ ಹೆಂಡತಿ ಚನ್ನಬಸವ್ವನನ್ನು ನಾಲ್ಕು ಸಲ ಕೇಳಿದ್ದ, “ಚಲೋ ಕಾಣ್ತದೇನ?” ಎಂದು.

“ಬಿಟ್ಟು ಐದು ವರ್ಷ ಆತ್ರಿ ಸಾಹೇಬ್ರ,” ಎಂದ. “ಮಂಗಳವಾರ ಮುನ್ಸಿಪಾಲ್ಟಿ ಗಾಡಿ ಬರ್ತದ್ರಿ, ಪೈಪ್ ಹಾಕಿ ಎಳೀತಾರ. ಅಲ್ಲೀತನಾ ಮುಚ್ಚಿ ಇಡೂಣ್ರಿ.”

“ಮಂಗಳವಾರ? ನಾಲ್ಕಕ್ಕ ಪಾದ್ರಿಗಳು ಬಂದು ಈ ನಾತದಾಗ ನಿಂದರಬೇಕೇನ? ಸ್ವಾಮಿ ತನ್ನ ಶಿಷ್ಯರ ಕಾಲು ತೊಳದಾನಪಾ. ಸೇವಾದಾಗ ಮ್ಯಾಲ ಕೆಳಗ ಅನ್ನೂದಿಲ್ಲ. ಇಳಿ.”

ಮಲಕಪ್ಪನ ಪಕ್ಕದ ಮನೆಯ ಕಾಡಪ್ಪ ನಕ್ಕ. ಅವನು ಸಭೆಯವನಲ್ಲ. ಇನ್ನೂ ಗುತ್ತಿಗೆದಾರನ ಕೈಕೆಳಗೆ ಗಟಾರ ತೆಗೆಯುವವನು. “ಮ್ಯಾಲ ಕೆಳಗ ಇಲ್ಲಂದ್ರ ನೀವ ಇಳೀರಲ್ರಿ ಮೊದಲ. ಹಗ್ಗಾ ನಾ ಹಿಡೀತೀನಿ.”

“ನಡುವ ಬಾಯಿ ಹಾಕಬ್ಯಾಡಲೇ ಭಾಡ್ಯಾ!” ಎಂದು ಸಾಹೇಬರು ಮಲಕಪ್ಪನತ್ತ ತಿರುಗಿದರು. “ನೀ ಸಭೆಯವ ಅದೀಯೋ, ಇಂಥಾ ಕುಡುಕರ ಪೈಕಿಯೋ? ಅದನ್ನರ ಹೇಳಿಬಿಡು.”

ಮಲಕಪ್ಪ ಟೀ ಶರ್ಟ್ ಕಳಚಿ ನಾಲ್ಕು ಮಡಿಕೆ ಮಾಡಿ, ಮುಂದಿನ ಮೆಟ್ಟಿಲು ತೊಳೆಯುತ್ತಿದ್ದ ಚನ್ನಬಸವ್ವನ ಕೈಗೆ ಕೊಟ್ಟ.

“ಹೊಲಸಾಗ್ತದ. ಮನ್ಯಾಗ ಇಟ್ಟು ಬಾ. ಫೋಟೋಕ್ಕ ಬೇಕಾಗ್ತದ.”

“ಬ್ಯಾಡ. ಮುಚ್ಚಿದ ಚೇಂಬರಿನ್ಯಾಗ ಹವಾ ಕೆಟ್ಟಿರ್ತದ, ನಿನಗ ಗೊತ್ತದ.”

“ಐದ ಮಿನಿಟ. ಇದೊಂದ ಸಲ.”

ಅವಳು ಮನೆಗೆ ಹೋಗಿ ಕೈಕಾಲು ತೊಳೆದು, ಟೀ ಶರ್ಟನ್ನು ಟ್ರಂಕಿನ ಮೇಲಿಟ್ಟು ಹೊರಗೆ ಬರುವಷ್ಟರಲ್ಲಿ ಕೂಗು ಕೇಳಿಸಿತು. ಓಡಿದಳು. ಕಾಡಪ್ಪ ಎರಡೂ ಕಾಲು ಊರಿ ಹಗ್ಗ ಎಳೆಯುತ್ತಿದ್ದ, ಅವನ ಸೊಂಟ ಹಿಡಿದು ಬಸ್ತಿಯ ಇಬ್ಬರು ಎಳೆಯುತ್ತಿದ್ದರು. ಮಲಕಪ್ಪ ಮೇಲೆ ಬಂದ. ಮೂಗಿನಲ್ಲಿ, ಬಾಯಲ್ಲಿ ಬಸ್ತಿಯ ಹೊಲಸು ತುಂಬಿತ್ತು. ಚನ್ನಬಸವ್ವ ಬೆರಳು ಹಾಕಿ ಅದನ್ನು ತೆಗೆದಳು. ಮತ್ತೆ ಹಾಕಿದಳು, ಮತ್ತೆ ತೆಗೆದಳು.

ಓಣಿಯ ಬಾಯಲ್ಲಿ ಸಭೆಯವರ ಆರು ಕಾರು ನಿಂತಿದ್ದವು. ಸಾಹೇಬರ ಮಗಳು ಸ್ನೇಹಲ್ ಓಡಿಹೋಗಿ ತಮ್ಮ ಕಾರಿನ ಬಾಗಿಲು ತೆರೆದಳು. ಸಾಹೇಬರು ಅದನ್ನು ಮುಚ್ಚಿದರು.

“ಅಂಬ್ಯುಲೆನ್ಸಿಗೆ ಫೋನ್ ಮಾಡೇನಿ. ಬರ್ತದ.”

ಬಸ್ತಿಯವರೇ ರಿಕ್ಷಾದಲ್ಲಿ ಹಾಕಿಕೊಂಡು ಹೋದರು. ದವಾಖಾನೆಯ ಡಾಕ್ಟರ್ ನಾಡಿ ನೋಡಿ ಕೈಬಿಟ್ಟು, ಯಾವ ಕೆಲಸದವನು ಎಂದು ಕೇಳಿದ. ಚನ್ನಬಸವ್ವ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸಾಹೇಬರ ದನಿ ಬಂತು.

“ಕೆಲಸದವ ಅಲ್ರಿ. ನಮ್ಮ ಸ್ವಯಂಸೇವಕ.”

ಮಣ್ಣಿಗೆ ಇಡೀ ಸಭೆ ಬಂದಿತ್ತು. ಸಭಾಪಾಲಕರು ಅರ್ಧ ಗಂಟೆ ಮಾತಾಡಿದರು. ಬೇರೆಯವರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಎಂದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಚನ್ನಬಸವ್ವನ ಕೈ ಹಿಡಿದರು. ಐದು ವರ್ಷದಲ್ಲಿ ಅವಳ ಕೈ ಮುಟ್ಟದವರೂ ಹಿಡಿದರು. ಸ್ನಾನ ಮಾಡಿಸುವಾಗ ಎಷ್ಟು ಸಾಬೂನು ತಿಕ್ಕಿದರೂ ಅವನ ಉಗುರುಸಂದಿಯ ಕಪ್ಪು ಹೋಗಿರಲಿಲ್ಲ. ಹಾಗೆಯೇ ಪೆಟ್ಟಿಗೆಯಲ್ಲಿ ಮಲಗಿಸಿದ್ದಳು. ಅಲ್ಲಿ ನಿಂತಷ್ಟು ಹೊತ್ತೂ ಅವಳಿಗೆ ಅದೊಂದೇ ಚಿಂತೆ.

ಐದನೆಯ ದಿನ ಸಾಹೇಬರು ಮನೆಗೆ ಬಂದರು. ಜೊತೆಗೆ ಸ್ನೇಹಲ್ ಇದ್ದಳು. ಪ್ರತಿ ಶನಿವಾರ ಬಸ್ತಿಯ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದವಳು ಅವಳು. ಚನ್ನಬಸವ್ವ ತನ್ನ ಹೆಸರು ಬರೆಯುವುದನ್ನು ಅವಳಿಂದಲೇ ಕಲಿತಿದ್ದಳು. ಸಾಹೇಬರು ಚಾಪೆಯ ಮೇಲೆ ಕೂರದೆ ನಿಂತೇ ಒಂದು ಕಾಗದ ಚಾಚಿದರು.

“ಸಹಿ ಮಾಡ್ಲಿಕ್ಕೆ ಕಲ್ತೀಯಲ್ಲವಾ. ಇಲ್ಲೆ ಕೆಳಗ ಒಂದು ಹಾಕಿಬಿಡು.”

“ಏನ್ ಬರದದ್ರಿ ಅದರಾಗ?”

“ಏನಿಲ್ಲ, ಪೊಲೀಸರಿಗೆ ಒಂದು ಕಾಗದ ಬೇಕಂತ. ಸ್ನೇಹಲ್, ಎರಡು ಮಾತಿನಾಗ ಹೇಳಿಬಿಡು.”

ಸ್ನೇಹಲ್ ಎರಡು ಮಾತಿನಲ್ಲಿ ಹೇಳಲಿಲ್ಲ. ಮರಾಠಿಯ ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದಳು. ‘ನನ್ನ ಪತಿ ಮಲಕಪ್ಪ ಸಭೆಯ ಸ್ವಯಂಸೇವಕನಾಗಿದ್ದನು. ಚೇಂಬರಿಗೆ ಇಳಿಯಲು ಅವನಿಗೆ ಯಾರೂ ಹೇಳಿರುವುದಿಲ್ಲ. ಬೇಡವೆಂದರೂ ಕೇಳದೆ ಸ್ವಖುಷಿಯಿಂದ ಇಳಿದನು.’ ಅಲ್ಲಿಗೆ ಅವಳ ದನಿ ನಿಂತಿತು.

“ಮುಂದ ಓದು ತಂಗಿ.”

“‘ಹಗ್ಗ ಹಿಡಿದಿದ್ದ ಕಾಡಪ್ಪನು ಕುಡಿದಿದ್ದನು.’”

ಬಾಗಿಲಲ್ಲಿ ನಿಂತಿದ್ದ ಕಾಡಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಆ ಭಾನುವಾರದಿಂದ ಅವನು ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ.

“ತಂಗಿ, ನೀ ಅಲ್ಲೇ ಇದ್ದಿ,” ಎಂದಳು ಚನ್ನಬಸವ್ವ. “ನೀ ಏನ್ ಕೇಳ್ದಿ?”

ಸ್ನೇಹಲ್ ತಂದೆಯ ಮುಖ ನೋಡಿ ತಲೆ ತಗ್ಗಿಸಿದಳು. “ಇಳಿ ಅಂದ್ರು. ಎರಡು ಸರ್ತಿ.”

“ಕಾರಿನಾಗ ಹೋಗಿ ಕೂಡು,” ಎಂದರು ಸಾಹೇಬರು. ಮಗಳು ಹೊರಗೆ ಹೋದ ಮೇಲೆ ಕಾಗದವನ್ನು ಟ್ರಂಕಿನ ಮೇಲಿಟ್ಟರು. “ಅಕ್ಷರ ಕಲಿಸಿದ್ವಿ, ಬುಧವಾರಕ್ಕೊಮ್ಮೆ ಡಾಕ್ಟರನ್ನ ಕಳಸ್ತೀವಿ, ಮುದುಕರಿಗೆ ಗುಳಿಗಿ ಕೊಡಸ್ತೀವಿ. ಉಂಡ ಮನಿ ಜಂತಿ ಎಣಸೂ ಮಂದಿಗೆ ಇನ್ನ ಯಾರು ಸೇವಾ ಮಾಡ್ತಾರ? ಬರೂ ಬುಧವಾರ ಡಾಕ್ಟರ ಗಾಡಿ ಬರಬೇಕೋ ಬ್ಯಾಡೋ, ನೀನ ನೋಡು.”

ಚನ್ನಬಸವ್ವ ಸಹಿ ಹಾಕದೆ ಹೊರಗೆ ನಡೆದಳು. ಓಣಿಯ ತುದಿಯಲ್ಲಿ ಕಾರಿನ ಕಿಟಕಿ ಇಳಿಸಿ ಸ್ನೇಹಲ್ ಅವಳನ್ನು ಕರೆದಳು. “ಬುಧವಾರ ಹನ್ನೊಂದಕ್ಕ ಪೊಲೀಸ್ ಚೌಕಿಗೆ ಬರ್ರಿ ಅಕ್ಕಾ. ನಾ ಬಂದು ಹೇಳ್ತೀನಿ.”

ಬುಧವಾರ ಹತ್ತು ಗಂಟೆಗೇ ಹತ್ತು ಹನ್ನೆರಡು ಮಂದಿ ಚೀಟಿ ಹಿಡಿದು ಓಣಿಯ ಬಾಯಲ್ಲಿ ಸಾಲು ನಿಂತಿದ್ದರು. ಗಾಡಿ ಬರಲಿಲ್ಲ. ಸಾಲಿನ ಮುಂದೆ ಕಲ್ಲಿನ ಮೇಲೆ ಬಸ್ತಿಯ ಹಿರಿಯ ಅವ್ವಣ್ಣ ಕೂತಿದ್ದ. ಸಕ್ಕರೆ ಬೇನೆಯಿಂದ ಅವನ ಎಡಗಾಲು ಹುಣ್ಣಾಗಿತ್ತು. ವಾರಕ್ಕೊಮ್ಮೆ ಗಾಡಿಯ ನರ್ಸ್ ಪಟ್ಟಿ ಬದಲಿಸುತ್ತಿದ್ದಳು. ಚನ್ನಬಸವ್ವ ಚೌಕಿಗೆ ಹೊರಟವಳು ಅವನೆದುರು ಹಾಯಲೇಬೇಕಿತ್ತು.

“ಒಂದು ಸಹಿ ಹಾಕಿದ್ರ ಏನ್ ಹೋಗ್ತಿತ್ತ ನಿಂದು?” ಎಂದ ಅವ್ವಣ್ಣ. “ಸತ್ತಾವ ಎದ್ದು ಬರ್ತಾನೇನ? ಇದ್ದವರನ್ನ ಯಾಕ ಸಾಯಿಸ್ತೀಯವ್ವಾ?”

ಸಾಲಿನಲ್ಲಿ ಯಾರೂ ಅವನನ್ನು ತಡೆಯಲಿಲ್ಲ. ಒಬ್ಬ ಮುದುಕಿ ಉಗುಳಿದಳು.

ಚನ್ನಬಸವ್ವ ಮನೆಗೆ ತಿರುಗಿ ಹೋಗಿ ನೀರು ಕಾಯಿಸಿ ಉಪ್ಪು ಹಾಕಿಕೊಂಡು ಬಂದಳು. ಅವನ ಕಾಲ ಬಳಿ ಕೂತು, ಹುಣ್ಣಿಗೆ ಅಂಟಿದ್ದ ಹಳೆಯ ಪಟ್ಟಿಯನ್ನು ನೆನೆಸಿ ನೆನೆಸಿ ಬಿಡಿಸಿದಳು. ತೊಳೆದು, ಒಗೆದ ಧೋತರದ ಚೂರು ಕಟ್ಟಿದಳು. ಅವ್ವಣ್ಣ ಕಾಲು ಎಳೆದುಕೊಳ್ಳಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ. ಅವಳು ಎದ್ದು, ಕೈ ತೊಳೆದುಕೊಂಡು ಚೌಕಿಯ ಕಡೆ ನಡೆದಳು.

ಹನ್ನೊಂದಾಯಿತು, ಹನ್ನೆರಡಾಯಿತು. ಸ್ನೇಹಲ್ ಬರಲಿಲ್ಲ. ಅವಳ ಫೋನು ಬಂದ್ ಆಗಿತ್ತು. ಹವಾಲ್ದಾರ ಫೈಲು ತೆಗೆದು ನೋಡಿದ. ಸಭೆಯವರು ಕೊಟ್ಟ ಹೇಳಿಕೆ ಆಗಲೇ ಅದರಲ್ಲಿತ್ತು.

“ಸ್ವಖುಷಿನೇ ಉತರಲಾ,” ಸ್ವಖುಷಿಯಿಂದ ಇಳಿದ ಎಂದು ಓದಿದ. ನಿನ್ನ ಸಾಕ್ಷಿ ಯಾರು ಎಂದು ಮರಾಠಿಯಲ್ಲಿ ಕೇಳಿದ.

“ಬರ್ತಾಳ್ರಿ,” ಎಂದು ಹರಕು ಮರಾಠಿಯಲ್ಲಿ ಹೇಳಿದಳು.

“ಕಧೀ?” ಯಾವಾಗ ಎಂದ ಹವಾಲ್ದಾರ.

ಒಂದು ಗಂಟೆಗೆ ಬಂದವನು ಕಾಡಪ್ಪ. ಕೆಲಸದಿಂದ ಸೀದಾ ಬಂದಿದ್ದ; ಮೊಣಕಾಲ ತನಕ ಕೆಸರು ಒಣಗಿತ್ತು. ಹವಾಲ್ದಾರ ಅವನಿಗೆ ಬೆಂಚು ಮುಟ್ಟಬೇಡವೆಂದ. ಕಾಡಪ್ಪ ನಿಂತೇ ತನ್ನ ಹೆಸರು ಹೇಳಿದ. ಹವಾಲ್ದಾರ ಫೈಲಿನಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟು, ಮಾತಾಡಿದರೆ ಕೇಸು ನಿನ್ನ ಕೊರಳಿಗೇ ಬರುತ್ತದೆ, ಮನೆಗೆ ಹೋಗು ಎಂದ.

“ಬರ್ಲಿ,” ಎಂದ ಕಾಡಪ್ಪ. ಆಮೇಲೆ ಹವಾಲ್ದಾರನನ್ನು ಬಿಟ್ಟು ಚನ್ನಬಸವ್ವನ ಕಡೆ ತಿರುಗಿದ.

“ಎರಡು ಬಕೆಟ್ ಮ್ಯಾಲ ಬಂದಿದ್ವು ಅಕ್ಕಾ. ಮೂರನೇದು ತುಂಬೂ ಮುಂದ ಅವ ಒದರಿದ. ‘ಕಾಡ್ಯಾ, ಕಣ್ಣ ಕಾಣವಲ್ದು, ಮ್ಯಾಲ ತಗೋ’ ಅಂದ. ನಾ ಎಳೀಲಿಕ್ಕೆ ಹತ್ತಿದೆ. ಆ ಸೂಳೀಮಗಾ ನನ್ನ ರಟ್ಟಿ ಹಿಡದ. ‘ಇನ್ನೊಂದೆರಡು ಬಕೆಟ್ ಆಗ್ಲಿ, ನಿಲ್ಲು’ ಅಂದ.”

ಅವನು ಹಗ್ಗ ಹಿಡಿದಿದ್ದ ತನ್ನ ಅಂಗೈ ನೋಡಿಕೊಂಡ.

“ನಾ ನಿಂತೆ. ಸಾಹೇಬ ಹೇಳ್ಯಾನಂತ ನಿಂತೆ ಅಕ್ಕಾ.”

ಚನ್ನಬಸವ್ವ ಬೆಂಚಿನ ಅಂಚು ಹಿಡಿದುಕೊಂಡಳು. ಹತ್ತು ದಿನದಲ್ಲಿ ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಹವಾಲ್ದಾರನ ಕಡೆ ನೋಡಿ, “ಬರ್ಕೋರಿ,” ಎಂದಳು.

ಹವಾಲ್ದಾರನಿಗೆ ಕನ್ನಡ ತಿಳಿಯದು. ಅವನು ಗಡಿಯಾರ ನೋಡಿದ, ಊಟದ ಡಬ್ಬಿ ನೋಡಿದ. ಆಮೇಲೆ ಹಾಳೆಯೊಂದನ್ನು ಎಳೆದುಕೊಂಡು, ಈಗ ಹೇಳಿದ್ದನ್ನೇ ಮತ್ತೊಮ್ಮೆ ಮರಾಠಿಯಲ್ಲಿ ಹೇಳೆಂದ.

ಕಾಡಪ್ಪ ಮೊದಲಿನಿಂದ ಶುರು ಮಾಡಿದ.