ಅಡ್ಡತೊಲೆಯ ಮೇಲಿನ ಕೆಂಪು ಗುರುತು

ಒಂದು, ಎರಡು, ಮೂರು ಎಂದು ಎಣಿಸಿ ಆರು ಜನ ದಮ್ಮು ಕಟ್ಟಿ ಎತ್ತಿದ ರಭಸಕ್ಕೆ ಶವಪೆಟ್ಟಿಗೆ ಮೇಲೆ ಚಿಮ್ಮಿ ಬಾಗಿಲ ಚೌಕಟ್ಟಿಗೆ ಬಡಿಯಿತು.

“ನಿಧಾನ ಕಣ್ರೋ! ಎಷ್ಟು ಹಗುರ ಮಾಡಿದ್ದೀರಿ ಇದನ್ನ?” ಎಂದರು ದೋಣಿ ಕಾರ್ಖಾನೆಯ ಮಾಲೀಕರು.

“ಹಗುರ ಮಾಡಿ, ಹಗುರ ಮಾಡಿ ಅಂತ ಮೂವತ್ತು ವರ್ಷದಿಂದ ನೀವೇ ನಮ್ಮ ತಲೆ ತಿಂದಿದ್ದು,” ಎಂದ ಮುಂದೆ ಹೆಗಲು ಕೊಟ್ಟಿದ್ದ ಅಂಟಣ್ಣ. ಪೆಟ್ಟಿಗೆಯನ್ನು ಹಿಂದಿನ ದಿನ ಅವನೇ ಮಾಡಿದ್ದ. ಕಾರ್ಖಾನೆಯ ಕ್ಯಾಟಮರಾನ್‌ಗಳಂತೆಯೇ ಹೊರಗೊಂದು ಒಳಗೊಂದು ತೆಳು ಫೈಬರ್ ಪದರ, ನಡುವೆ ಫೋಮ್. ಇಡೀ ಜನ್ಮ ಅಂಟಿನಲ್ಲೇ ಕೈಯಾಡಿಸಿದವನಿಗೆ ಬೇರೆ ರೀತಿ ಮಾಡಲು ಬರುತ್ತಿರಲಿಲ್ಲ. ಅಳುತ್ತಿದ್ದವರಲ್ಲೂ ನಾಲ್ಕು ಜನ ನಕ್ಕುಬಿಟ್ಟರು.

ಒಳಗೆ ಮಲಗಿದ್ದವರು ಟಕ್‌ಟಕ್ ಮೇಷ್ಟ್ರು. ಪಾಠ ಹೇಳಿದವರಲ್ಲ, ದೋಣಿಗಳ ತಪಾಸಣೆ ಅವರ ಕೆಲಸ. ಕ್ಯಾಟಮರಾನ್ ಎಂದರೆ ಎರಡು ಒಡಲಿನ ಹಾಯಿದೋಣಿ. ಒಂದು ಒಡಲನ್ನು ಅಲೆ ಎತ್ತುವಾಗ ಇನ್ನೊಂದು ಕೆಳಗೆ ಬೀಳುತ್ತದೆ. ಆ ತಿರುಚಾಟವೆಲ್ಲ ಎರಡನ್ನೂ ಕೂಡಿಸುವ ಅಡ್ಡತೊಲೆಯ ಮೇಲೆ. ಅಲ್ಲಿ ಪದರ ಫೋಮನ್ನು ಬಿಟ್ಟಿದ್ದರೆ ನಡುಗಡಲಲ್ಲಿ ಗತಿ ನೆಟ್ಟಗಿರುವುದಿಲ್ಲ. ಹಾಗಾಗಿ ಮೇಷ್ಟ್ರು ಸಣ್ಣ ಸುತ್ತಿಗೆಯಿಂದ ಗೇಣುಗೇಣಿಗೂ ತಟ್ಟಿ ನೋಡುತ್ತಿದ್ದರು. ಗಟ್ಟಿ ಇದ್ದರೆ ‘ಟಿಣ್’, ಟೊಳ್ಳಿದ್ದರೆ ‘ದಬ್’. ‘ದಬ್’ ಎಂದಲ್ಲಿ ಕೆಂಪು ಪೆನ್ಸಿಲ್ಲಿನ ಒಂದು ಸುತ್ತು. ಆ ಸುತ್ತು ಬಿದ್ದದ್ದೆಲ್ಲ ಬಹುಪಾಲು ಅಂಟಣ್ಣನ ಕೆಲಸವೇ ಆಗಿರುತ್ತಿದ್ದುದರಿಂದ ಇಬ್ಬರದೂ ಎಣ್ಣೆ-ಸೀಗೆಕಾಯಿ ಎಂದೇ ಶೆಡ್ಡಿನಲ್ಲಿ ಎಲ್ಲರೂ ತಿಳಿದಿದ್ದರು.

ಮಣ್ಣು ಮಾಡಿ ಬಂದು ಎಲ್ಲರೂ ಮನೆಯಲ್ಲಿ ಟೀ ಕುಡಿಯುತ್ತಿದ್ದಾಗ ಮಾಲೀಕರು ಮೇಷ್ಟ್ರ ಹೆಂಡತಿಯ ಪಕ್ಕ ಕೂತರು. “ಏನು ಕಿವಿ ಅಮ್ಮಾ ಅವರದು! ಅಂಥ ಕಿವಿ ಇನ್ನೆಲ್ಲಿ ಹುಡುಕಲಿ?”

“ಎಲ್ಲಿಯ ಕಿವಿ ಬಂತು! ಎರಡು ವರ್ಷದಿಂದ ಬಾಗಿಲ ಗಂಟೆ ಬಾರಿಸಿದ್ರೂ ಗೊತ್ತಾಗ್ತಿರಲಿಲ್ಲ,” ಎಂದರು ಆಕೆ ಸಹಜವಾಗಿ, ಅವರಿಗೆ ಬಿಸ್ಕತ್ತಿನ ತಟ್ಟೆ ಸರಿಸುತ್ತ.

ಮಾಲೀಕರ ಟೀಕಪ್ಪು ಬಾಯಿಯ ಹತ್ತಿರವೇ ನಿಂತಿತು. ಅದೇ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ, ಅಪ್ಪನ ಕೈಕೆಳಗೆ ತಪಾಸಣೆ ಕಲಿಯುತ್ತಿದ್ದ ಮೇಷ್ಟ್ರ ಮಗಳು ಗೋಡೆಗೆ ಒರಗಿದಳು. ಮಾತಾಡುವಾಗ ಅಪ್ಪ ತುಟಿಯನ್ನೇ ನೋಡುತ್ತಿದ್ದುದು ಈಗ ಅರ್ಥವಾಯಿತು. ಮೇಷ್ಟ್ರು ಹೂಂ ಅಂದಮೇಲೆ ಎರಡು ವರ್ಷದಲ್ಲಿ ಹನ್ನೊಂದು ದೋಣಿ ಕಡಲಿಗೆ ಹೋಗಿದ್ದವು. ಒಂದರಲ್ಲಿ ಎರಡು ಪುಟ್ಟ ಮಕ್ಕಳಿದ್ದ ಸಂಸಾರವೇ ಇತ್ತು.

“ಕಿವುಡ ತಟ್ಟಿ ಪಾಸು ಮಾಡಿದ ದೋಣಿಗಳೇ ಅವೆಲ್ಲ?” ಎಂದರು ಮಾಲೀಕರು.

“ತಟ್ಟಿದ್ದು ಅವರು,” ಎಂದು ಅಂಟಣ್ಣ ಎದ್ದು ನಿಂತ. “ಕೇಳಿಸ್ಕೊಂಡಿದ್ದು ನಾನು.”

*

ಎರಡು ವರ್ಷದ ಹಿಂದೆ, ಊಟದ ಬಿಡುವಿನಲ್ಲಿ ಶೆಡ್ಡು ಖಾಲಿಯಾದಾಗ ಮೇಷ್ಟ್ರು ಅಂಟಣ್ಣನನ್ನು ಒಡಲಿನೊಳಗೆ ಕರೆದು ತಟ್ಟಿದ್ದರು.

“ಇದು ಹೇಗೆ ಕೇಳ್ತಿದೆ?”

“ದಬ್ ಅಂತಿದೆ. ಯಾಕೆ, ನಿಮಗೆ ಕೇಳ್ಸಲ್ವಾ?”

“ಕೇಳಲ್ಲ ಕಣೋ. ಟಿಣ್ಣೂ ಒಂದೇ, ದಬ್ಬೂ ಒಂದೇ.”

“ಮಾಲೀಕರಿಗೆ ಹೇಳಿ.”

“ಹೇಳ್ತೀನಿ. ಮಗಳು ಕಲೀಲಿ, ಅಲ್ಲೀವರೆಗೆ ನೀನು ಕೇಳು.”

“ಕೆಲಸ ನಂದು, ತಪ್ಪು ನಂದು. ನನಗೇ ಕೇಳು ಅಂತೀರಲ್ಲ, ತಲೆ ನೆಟ್ಟಗಿದೆಯಾ?”

“ಹೋದ ವರ್ಷ ನಾನು ಪಾಸು ಮಾಡಿದ ನಿನ್ನ ಹಲಗೇನ ನೀನೇ ಬಂದು ಕಿತ್ತುಹಾಕ್ಸಿದೆ. ನೆನಪಿದೆಯಾ? ನಿನ್ನ ಬಿಟ್ಟು ಇನ್ಯಾರನ್ನ ಕೇಳಲಿ?”

ಅಂದಿನಿಂದ ಒಬ್ಬರು ತಟ್ಟುವುದು, ಇನ್ನೊಬ್ಬ ಲೈಟು ಹಿಡಿದವನಂತೆ ನಟಿಸುತ್ತ ತಲೆಯಾಡಿಸುವುದು. ನೋಡಿದವರು, ಮೇಷ್ಟ್ರು ಅಂಟಣ್ಣನನ್ನು ಬೈಯಲೆಂದೇ ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡರು.

*

“ಚೆನ್ನಾಗಿದೆ ನಾಟಕ,” ಎಂದರು ಮಾಲೀಕರು. “ನಿನ್ನ ಕೆಲಸಕ್ಕೆ ನೀನೇ ಸಾಕ್ಷಿ. ಯಾವ ನಂಬಿಕೆ ಮೇಲೆ ಸುಮ್ಮನಿರಲಿ? ಹನ್ನೊಂದನ್ನೂ ವಾಪಸ್ ಕರೆಸಬೇಕು.”



“ಹೊಸ ದೋಣಿಯ ಅಡ್ಡತೊಲೆ ಮೇಲೆ ಅಪ್ಪ ಒಂದು ಸುತ್ತು ಹಾಕಿದ್ದಾರೆ,” ಎಂದಳು ಮಗಳು. “ನಾನು ಹೋದ ವಾರ ಹತ್ತು ಸಲ ತಟ್ಟಿದೆ. ನನಗೆ ಗಟ್ಟಿಯಾಗೇ ಕೇಳ್ತು. ಅಪ್ಪನಿಗೆ ವಯಸ್ಸಾಯ್ತು ಅಂತ ಅಳಿಸೋಕೆ ಹೊರಟಿದ್ದೆ. ಮಾಮ, ಅದನ್ನ ಕೇಳಿದ್ದು ನೀವಾ?”

“ನಾನೇ ಪುಟ್ಟೀ.”

“ಕೊಯ್ದು ನೋಡೋಣ ಸಾರ್. ಗಟ್ಟಿ ಇದ್ರೆ ಎಲ್ಲ ದೋಣೀನೂ ಕರೆಸಿ. ಟೊಳ್ಳಿದ್ರೆ ಮಾಮನ ಕಿವೀನೂ ಸರಿ, ನಿಯತ್ತೂ ಸರಿ.”

ಕೊಯ್ದರೆ ಎರಡು ವಾರದ ಕೆಲಸ ಹಾಳು. ಮಾಲೀಕರು ಕಪ್ಪನ್ನು ಕೆಳಗಿಟ್ಟರು. “ನಡೀರಿ.”

ಸಾವಿನ ಮನೆಯ ಕರಿಬಟ್ಟೆಯಲ್ಲೇ ಎಲ್ಲರೂ ಶೆಡ್ಡಿಗೆ ಬಂದರು. ಮೇಷ್ಟ್ರ ಹೆಂಡತಿಯೂ ಹಟ ಹಿಡಿದು ಬಂದರು. ಅವರಿಗೊಂದು ಸ್ಟೂಲು ಹಾಕಿಕೊಟ್ಟರು. ಅಡ್ಡತೊಲೆ ಎಡ ಒಡಲನ್ನು ಸೇರುವ ಮೂಲೆಯಲ್ಲಿ ಅಂಗೈಯಗಲದ ಕೆಂಪು ಸುತ್ತಿತ್ತು. ಅಂಟಣ್ಣ ಗರಗಸ ಹಿಡಿದ. ಕೆಂಪು ಗೆರೆಗೆ ಅದನ್ನು ಎರಡು ಸಲ ಇಟ್ಟು ಎರಡು ಸಲವೂ ತೆಗೆದ.

“ಬೇರೆಯವರು ಕೊಯ್ಯಲಿ ಬಿಡು,” ಎಂದರು ಮಾಲೀಕರು, ಈ ಸಲ ಮೆತ್ತಗೆ.

“ಬೇಡ ಸಾರ್. ಮಾಡಿದ್ದು ನಾನು.”

ಮಗಳು ಅವನ ಮೊಣಕೈಗೆ ಆಸರೆ ಕೊಟ್ಟಳು. ಎರಡು ವರ್ಷ ತನ್ನ ಅಪ್ಪನ ಮಾನವನ್ನೂ ಕಡಲಿಗಿಳಿದವರ ಜೀವವನ್ನೂ ಈ ಮನುಷ್ಯ ಒಂದು ಮಾತೂ ಆಡದೆ ಕಾದಿದ್ದನಲ್ಲ ಎಂದು ಅವಳಿಗೆ ಹೊಳೆಯಿತು. ಒಳಗೆ ಏನೇ ಇರಲಿ, ಮೊದಲು ಒಂದು ಮಾತು ಹೇಳಿಬಿಡಬೇಕೆನಿಸಿತು. “ಮಾಮ, ನಿಮ್ಮಿಂದ ಅಪ್ಪ ಕೊನೇವರೆಗೂ ನೆಮ್ಮದಿಯಾಗಿದ್ರು. ನಿಮ್ಮ ಋಣ ದೊಡ್ಡದು.”

“ಆಮೇಲೆ ಹೇಳು ತಾಯೀ. ಈಗ ಧೂಳು ಕಣ್ಣಿಗೆ ಬೀಳುತ್ತೆ, ಹಿಂದೆ ಸರಿ.”

ಗರಗಸ ಸುತ್ತು ಮುಗಿಸಿತು. ಬಿಲ್ಲೆಯಂಥ ತುಂಡು ಅಂಟಣ್ಣನ ಕೈಗೆ ಬಂತು. ಅವನು ಅದನ್ನು ಬೆಳಕಿಗೆ ತಿರುಗಿಸಿ ಅಂಚಿಗೆ ಉಗುರು ಹಾಕಿದ. ಮೇಲಿನ ಪದರ ಸಲೀಸಾಗಿ ಎದ್ದು ಬಂತು. ಅಡಿಯ ಫೋಮಿಗೆ ಅಂಟು ತಾಗಿಯೇ ಇರಲಿಲ್ಲ.

“ಟೊಳ್ಳು!” ಎಂದು ಕೂಗಿದ ಅಂಟಣ್ಣ. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಮಾಲೀಕರು ಅವನನ್ನು ತಬ್ಬಿಕೊಳ್ಳಲು ಬಂದರೆ ಅವರಿಗೂ ಸಿಗದೆ, ಮೊಮ್ಮಗು ಹುಟ್ಟಿದ ಸುದ್ದಿ ತಂದವನ ಹಾಗೆ ಮೇಷ್ಟ್ರ ಹೆಂಡತಿಯಿಂದ ಹಿಡಿದು ಶೆಡ್ಡಿನ ಒಬ್ಬೊಬ್ಬರ ಬಳಿಯೂ ಓಡಿ ಆ ತುಂಡನ್ನು ಮುಖಕ್ಕೆ ಹಿಡಿಯುತ್ತಿದ್ದ: “ನೋಡಿ, ಸರಿಯಾಗಿ ನೋಡಿ. ನಾನೇ ಹಾಳುಮಾಡಿದ್ದು!”