ವಾರಕ್ಕೊಂದು ಚೀಲ

ಅಮೂಲ್ಯಾ ಕಟಿಂಗ್ ಪ್ಲೇಯರಿನ ಬಾಯಿಗೆ ತಂತಿಯನ್ನು ಸಿಕ್ಕಿಸಿ ಎರಡೂ ಕೈಯಿಂದ ಒತ್ತಿದಳು. ತಂತಿ ಬಾಗಿತೇ ಹೊರತು ತುಂಡಾಗಲಿಲ್ಲ. ಅಡುಗೆಮನೆಯ ಗೋಡೆಯಲ್ಲಿದ್ದ ಕಸದ ಬಾಗಿಲನ್ನು ಅವಳ ಅಪ್ಪ ದಿವಾಕರ ಆರು ವರ್ಷದ ಹಿಂದೆ ಹೀಗೆ ಬಿಗಿದಿದ್ದ. ಆ ಕಬ್ಬಿಣದ ಬಾಗಿಲನ್ನು ಎಳೆದು ಚೀಲ ಹಾಕಿದರೆ ಅದು ಒಂಬತ್ತು ಮಹಡಿ ಜಾರಿ ನೆಲದ ಡಬ್ಬಿಗೆ ಬೀಳುತ್ತದೆ. ಆ ಪುಟ್ಟ ದ್ವೀಪದೇಶದ ಜುರಾಂಗ್ ವೆಸ್ಟ್ ಬಡಾವಣೆಯ ಬ್ಲಾಕಿನಲ್ಲಿ ಉಳಿದ ಮನೆಯವರೆಲ್ಲ ಹಾಗೆಯೇ ಮಾಡುತ್ತಿದ್ದರು.

"ಬಿಡು ಮಗಾ. ಇವತ್ತು ಬೇಡ," ಎಂದಳು ಸುನಂದಾ.

"ಇವತ್ತಲ್ದೆ ಯಾವಾಗಮ್ಮ? ಆಲ್‌ರೆಡಿ ಮೂರು ಬ್ಯಾಗ್ ಆಗಿದೆ. ಇನ್ನೂ ಜನ ಬರ್ತಾನೇ ಇದ್ದಾರೆ. ಅಪ್ಪ ಇಲ್ಲ ಲಾ ಈಗ. ಯಾರು ತೂಕ ಮಾಡ್ತಾರೆ?"

ಕಿಟಕಿಗಳೆಲ್ಲ ಮುಚ್ಚಿದ್ದವು. ಪಕ್ಕದ ದೇಶದ ಕಾಡಿನ ಬೆಂಕಿಯ ಹೊಗೆ ಮೂರು ವಾರದಿಂದ ಊರನ್ನು ಕವಿದಿತ್ತು. ಮೂರನೇ ಮಹಡಿಯ ನಳಿನಿ ಬಿಸಾಡುವ ಡಬ್ಬಿಗಳಲ್ಲಿ ನಲವತ್ತು ಜನರಿಗೆ ಇಡ್ಲಿ ತರಿಸಿದ್ದಳು. ಚಟ್ನಿಗೆ ಬೇರೆ ಡಬ್ಬಿ, ಸಾಂಬಾರಿಗೆ ಬೇರೆ, ಪ್ರತಿಯೊಂದಕ್ಕೂ ಒಂದು ಪ್ಲಾಸ್ಟಿಕ್ ಚಮಚ.

"ಸಾವಿನ ಮನೇಲಿ ಒಲೆ ಹಚ್ಚೋ ಹಾಗಿಲ್ಲ. ಹೊರಗಿಂದ ತಂದ್ರೆ ಡಬ್ಬಿ ಬರದೇ ಇರುತ್ತಾ ಸುನಂದಾ?" ಎಂದು ನಳಿನಿ ತಾನಾಗಿ ಸಮಜಾಯಿಷಿ ಕೊಟ್ಟಳು. ಆಮೇಲೆ ಮೆಲ್ಲಗೆ, "ನಿಮ್ಮ ಯಜಮಾನ್ರು ಇದನ್ನ ನೋಡಿದ್ರೆ ಎದ್ದು ಕೂತ್ಬಿಡೋರು," ಎಂದಳು.

ಅಮೂಲ್ಯಾ ಪಕ್ಕನೆ ನಕ್ಕಳು. ನಗು ಮುಗಿಯುವ ಮೊದಲೇ ಅಳು ಬಂತು. ಮೂಗು ಒರೆಸಿಕೊಂಡು ಮತ್ತೆ ಒತ್ತಿದಳು. ತಂತಿ ತುಂಡಾಯಿತು. ಬಾಗಿಲು ತೆರೆದಾಗ ಹಳೆಯ ತೇವದ ವಾಸನೆಯೊಂದಿಗೆ ಒಂದು ಜಿರಳೆ ಹೊರಬಂತು. ಅವಳು ಮೊದಲ ಚೀಲವನ್ನು ಎತ್ತುವಷ್ಟರಲ್ಲಿ ಸುನಂದಾ ಅವಳ ಮಣಿಕಟ್ಟು ಹಿಡಿದಳು.

"ಇದು ಬೀಳುವುದು ಎಲ್ಲಿಗೆ ಗೊತ್ತುಂಟಲ್ಲ. ಅದರ ಪಕ್ಕದಲ್ಲೇ ಮಲಗಿಸಿದ್ದಾರೆ ಅವರನ್ನ. ಸದ್ದು ಕೇಳ್ತದೆ."

ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಬ್ಲಾಕಿನ ಕಂಬಗಳ ನಡುವಿನ ತೆರೆದ ಜಾಗದಲ್ಲಿ, ಕಸದ ಡಬ್ಬಿಯ ಕೋಣೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ದಿವಾಕರನ ಶವಪೆಟ್ಟಿಗೆ ಇತ್ತು. ಅಮೂಲ್ಯಾ ಚೀಲವನ್ನು ನೆಲಕ್ಕಿಟ್ಟಳು.

* * *

ದಿವಾಕರ ತುವಾಸಿನಲ್ಲಿ ಕಸ ಸುಡುವ ಘಟಕವೊಂದರಲ್ಲಿ ಕ್ರೇನ್ ನಡೆಸುತ್ತಿದ್ದ. ಒಮ್ಮೆ ನೌಕರರ ಮನೆಯವರನ್ನೆಲ್ಲ ಕರೆಸಿ ಘಟಕವನ್ನು ತೋರಿಸಿದ್ದರು. ಅವನು ದಿನಕ್ಕೆ ಹನ್ನೆರಡು ಗಂಟೆ ಕೂರುವ ಗಾಜಿನ ಕೋಣೆಯಲ್ಲಿ ನಿಂತು ಸುನಂದಾ ಕೆಳಗೆ ನೋಡಿದಳು. ಅವರ ಬ್ಲಾಕನ್ನೇ ಅಡ್ಡ ಮಲಗಿಸಬಹುದಾದಂಥ ಗುಂಡಿ. ಕಬ್ಬಿಣದ ಪಂಜ ಇಳಿದು, ಕಸವನ್ನು ತಬ್ಬಿ, ಎತ್ತಿ ಬೆಂಕಿಯ ಬಾಯಿಗೆ ಸುರಿಯುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಬದಿಯಿಂದ ಲಾರಿಗಳು ಮತ್ತೆ ತುಂಬುತ್ತಿದ್ದವು.

"ತೆಗೆದಷ್ಟೂ ತುಂಬ್ತದೆ," ಎಂದ ಅವನು. "ಸುಟ್ಟರೂ ಹೋಗುವುದಿಲ್ಲ ಮಾರಾಯ್ತಿ, ಗಾಳಿಗೆ ಹೋಗಿ ಕೂತ್ಕೊಳ್ತದೆ. ಭೂಮಿ ಬಿಸಿಯಾಗ್ತಾ ಉಂಟು, ಸಮುದ್ರ ಏರ್ತಾ ಉಂಟು ಅಂತ ಬರೀತಾರೆ. ಈ ದೇಶ ಇರುವುದೇ ಇಷ್ಟು."

ಆ ವಾರವೇ ಕಸದ ಬಾಗಿಲಿಗೆ ತಂತಿ ಬಿತ್ತು. ಪಕ್ಕದಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ನೇತಾಡಿತು. ವಾರಕ್ಕೆ ಒಂದೇ ಚೀಲ, ಒಂದೂವರೆ ಕಿಲೋ. ಭಾನುವಾರ ಅವನೇ ತೂಗಿ ಕೆಳಗೆ ಒಯ್ಯುತ್ತಿದ್ದ. ಸಿಪ್ಪೆಗಳು ಕಾರಿಡಾರಿನ ಕುಂಡಗಳಲ್ಲಿ ಗೊಬ್ಬರವಾಗಬೇಕು. ಮೊಸರಿನ ಡಬ್ಬಿ, ಹಾಲಿನ ಪೊಟ್ಟಣ, ಬ್ರೆಡ್ಡಿನ ಕವರು ತೊಳೆದು ಒಣಗಬೇಕು. ಅವನು ಎಂದೂ ಬೈಯುತ್ತಿರಲಿಲ್ಲ. ಮುಳ್ಳು ಒಂದೂವರೆ ದಾಟಿದರೆ ಚೀಲವನ್ನು ಬಿಚ್ಚಿ ಒಂದೊಂದಾಗಿ ಹೊರಗಿಡುತ್ತಿದ್ದ, ಅಷ್ಟೆ. ಸುನಂದಾ ಪಕ್ಕದಲ್ಲಿ ನಿಂತಿರುತ್ತಿದ್ದಳು. ಅವನು ಹೇಳುವುದು ಸರಿ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದಲೇ ಅವನು ಹೊರಗಿಟ್ಟದ್ದನ್ನು ಮುಂದಿನ ವಾರದ ಚೀಲಕ್ಕೆ ಎತ್ತಿಡುತ್ತಿದ್ದಳು. ಶನಿವಾರ ಬಂತೆಂದರೆ ಅವಳು ಚೀಲವನ್ನು ಮತ್ತೆ ಮತ್ತೆ ಎತ್ತಿ ಭಾರ ನೋಡುತ್ತಿದ್ದಳು. ಆ ಗಾಬರಿಯಲ್ಲಿ ಅಳತೆ ತಪ್ಪಿ ಅಕ್ಕಿ ಹೆಚ್ಚಾಗುತ್ತಿತ್ತು. ಅನ್ನ ಮಿಗುತ್ತಿತ್ತು.

ಅಮೂಲ್ಯಾಗೆ ಆಗ ಹದಿನೈದು. ಮಗಳ ಪ್ಯಾಡುಗಳನ್ನು ಗಂಡನ ತಕ್ಕಡಿಗೆ ಹೇಗೆ ಹಾಕುವುದು? ಕೇಳಲು ಸುನಂದಾಳಿಗೆ ಬಾಯಿ ಬರಲಿಲ್ಲ. ಅವನಿಗೆ ಹೊಳೆಯಲೂ ಇಲ್ಲ.

ಹಾಗೆ ಎರಡನೇ ಚೀಲ ಹುಟ್ಟಿತು. ಅವನ ರಾತ್ರಿ ಪಾಳಿಯ ಮರುದಿನ ಬೆಳಗ್ಗೆ, ಅವನು ಏಳೂ ನಲವತ್ತರ ಬಸ್ಸಿನಲ್ಲಿ ಬರುವ ಮೊದಲು, ಸುನಂದಾ ಚೀಲವನ್ನು ಸೆರಗಿನಡಿ ಹಿಡಿದು ಎದುರು ಬ್ಲಾಕಿನ ಕೆಳಗಿದ್ದ ದೊಡ್ಡ ಹಸಿರು ಡಬ್ಬಿಗೆ ಹಾಕಿ ಬರುತ್ತಿದ್ದಳು. ಮೊದಲು ಪ್ಯಾಡುಗಳು ಮಾತ್ರ. ಆಮೇಲೆ ಹುಳ ಹಿಡಿದ ಸಾಂಬಾರು ಪುಡಿ, ಮಿಕ್ಕ ಅನ್ನ, ತೊಳೆಯಲು ಕೈಲಾಗದ ಎಣ್ಣೆ ಕವರುಗಳು. ಆ ಚೀಲವೂ ಸೇರುವುದು ಅವನದೇ ಗುಂಡಿಗೆ ಇರಬಹುದು ಎಂದು ಅವಳಿಗೆ ಗೊತ್ತಿತ್ತು. ಗಾಜಿನಾಚೆಯಿಂದ ಅವನು ಅದನ್ನು ಗುರುತಿಸಿದಂತೆ ಕನಸು ಬೀಳುತ್ತಿತ್ತು.

ಒಂದು ಸಂಜೆ ಅವನು ಚಹಾ ಕುಡಿಯುತ್ತ ಹೇಳಿದ್ದ, "ಅಲ್ಲಿ ದಿಂಬು ತುಂಬಾ ಬರ್ತದೆ. ಮನೇಲಿ ಯಾರಾದ್ರೂ ಸತ್ತರೆ ಮೊದಲು ಹೊರಗೆ ಹೋಗುವುದೇ ದಿಂಬು. ನಂದನ್ನ ಕಳಿಸ್ಬೇಡ ಆಯ್ತಾ. ಶಿಫ್ಟಲ್ಲಿರುವವ ನನ್ನ ಗುರ್ತದವನೇ ಆಗಿರ್ತಾನೆ."

"ಎಂತ ಮಾತು ಇದು," ಎಂದು ಅವಳು ಎದ್ದು ಹೋಗಿದ್ದಳು.

* * *

ಹನ್ನೊಂದಕ್ಕೆ ಶವದ ಗಾಡಿ ಬಂತು. ಬಂದವರು ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದರು. ಯಾರು ಅಳುತ್ತಿದ್ದಾರೆ, ಯಾರಿಗೆ ಹೊಗೆಯಿಂದ ಕಣ್ಣುರಿ ಎಂದು ತಿಳಿಯುತ್ತಿರಲಿಲ್ಲ. ದಿವಾಕರನ ಘಟಕದಲ್ಲೇ ಮೆಕ್ಯಾನಿಕ್ ಆಗಿದ್ದ ದ್ವಾರಕನಾಥ್ ಮಾಸ್ಕನ್ನು ಗದ್ದಕ್ಕೆ ಇಳಿಸಿ ಸುನಂದಾಳ ಹತ್ತಿರ ಬಂದರು.

"ಹನ್ನೊಂದು ವರ್ಷ ಒಂದೇ ಬಸ್ಸಲ್ಲಿ ಬಂದೋರು ನಾವು. ನಂದು ಎರಡು ಸ್ಟಾಪ್ ಮುಂದೆ," ಎಂದರು. "ಒಂದು ಮಾತು ಕೇಳ್ಬೇಕು ಅಂತಿದ್ದೆ. ನೀವು ಬೆಳಗ್ಗೆ ವಾಕಿಂಗ್ ಹೋಗ್ತಿದ್ರಾ?"

"ಯಾಕೆ?"

"ಏನಿಲ್ಲ. ನೈಟ್ ಶಿಫ್ಟ್ ಮುಗಿಸಿ ಒಂದು ಬಸ್ ಮೊದಲೇ ಸಿಕ್ಕಿದ ದಿನ ದಿವಾಕರ ಇಳಿದು ಸೀದಾ ಮನೆಗೆ ಹೋಗ್ತಿರ್ಲಿಲ್ಲ. ಅಲ್ಲೇ ಸ್ಟಾಪ್‌ನಲ್ಲಿ ಕೂತ್ಬಿಡೋನು. ಒಂದ್ಸಲ ನಾನೂ ಇಳಿದು ಕೇಳ್ದೆ, ಯಾಕಪ್ಪಾ, ಮನೇಲಿ ಜಗಳಾನಾ ಅಂತ. 'ಅವಳು ಇನ್ನೂ ಕೆಳಗಿದ್ದಾಳೆ. ಈಗ ಹೋದ್ರೆ ಎದುರಾಗ್ತೇನೆ. ಮೇಲೆ ಹೋಗ್ಲಿ' ಅಂದ. ನಂಗೆ ಅರ್ಥ ಆಗ್ಲಿಲ್ಲ. ಎಷ್ಟು ವರ್ಷ ಹಾಗೆ ಕೂತ್ನೋ."

ಸುನಂದಾ ಪೆಟ್ಟಿಗೆಯ ಕಡೆ ನೋಡಿದಳು. ಮುಚ್ಚಳ ಹಾಕುತ್ತಿದ್ದರು.

"ಹೌದು," ಎಂದಳು. "ವಾಕಿಂಗ್ ಹೋಗ್ತಿದ್ದೆ."

ಗಂಡಸರು ಮಂಡಾಯಿ ಚಿತಾಗಾರಕ್ಕೆ ಹೊರಟರು. ಹೆಂಗಸರು ಹೋಗುವ ಪದ್ಧತಿಯಿಲ್ಲ ಎಂದು ಯಾರೋ ಅಂದಾಗ ಅಮೂಲ್ಯಾ, "ನಾನೊಬ್ಬಳೇ ಇರೋದು ಅಪ್ಪಂಗೆ," ಎಂದು ಗಾಡಿ ಹತ್ತಿ ಕುಳಿತಳು.

* * *

ಗಾಡಿ ತಿರುವು ದಾಟಿದ ಮೇಲೆ ನಳಿನಿ ಸುನಂದಾಳನ್ನು ಮನೆಗೆ ಕರೆದುಕೊಂಡು ಬಂದು ಮೂರೂ ಚೀಲಗಳನ್ನು ಕಸದ ಬಾಗಿಲಿಗೆ ಹಾಕಿದಳು. ಗೋಡೆಯೊಳಗೆ ಏನೋ ಉರುಳಿದಂತಾಗಿ, ತುಂಬ ಕೆಳಗೆ ಧೊಪ್ಪೆಂದಿತು. ಮೂರು ಸಲ. ಸುನಂದಾ ಮೂರು ಸಲವೂ ತಕ್ಕಡಿಯ ಕಡೆ ನೋಡಿದಳು. ಮುಳ್ಳು ಸೊನ್ನೆಯಲ್ಲೇ ಇತ್ತು.

"ಅವರು ಮಲಗ್ತಿದ್ದ ದಿಂಬು ಎಲ್ಲಿ?" ನಳಿನಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಗಂಡಸರು ವಾಪಸ್ ಬರೋಷ್ಟರಲ್ಲಿ ಅದು ಹೊರಗೆ ಹೋಗಿರ್ಬೇಕು. ಆಮೇಲೆ ಮನೆ ತೊಳೆಯೋಣ."

"ಅದೊಂದು ಇರಲಿ ನಳಿನಿ."

"ಪ್ರಾಣ ಹೋದ ದಿಂಬು ಸುನಂದಾ. ಇಟ್ಕೊಳ್ಳೋ ವಸ್ತು ಅಲ್ಲ. ನಾಳೆ ಮಗಳಿಗೆ ಏನಾದ್ರೂ ಆದ್ರೆ ನಿಮಗೇ ಅನ್ಸುತ್ತೆ, ಇಟ್ಕೊಂಡೆನಲ್ಲಾ ಅಂತ."

ಆ ಮಾತು ಸುನಂದಾಳನ್ನು ನಿಂತಲ್ಲೇ ಕಟ್ಟಿಹಾಕಿತು. ಅಮೂಲ್ಯಾಗೆ ಜ್ವರ ಬಂದರೂ ಇನ್ನು ಈ ದಿಂಬು ನೆನಪಾಗುತ್ತದೆ. ಕಳಿಸಿದರೆ ಅವನು ಬೇಡವೆಂದದ್ದು ನೆನಪಾಗುತ್ತದೆ. ನಳಿನಿ ದಿಂಬನ್ನು ತಂದು ಕಸದ ಬಾಗಿಲಿಗೆ ತುರುಕಿದಳು. ಅದು ಅರ್ಧ ಹೋಗಿ ನಿಂತಿತು. ಅಂಗೈಯಿಂದ ಗುದ್ದಿದಳು. ಸುನಂದಾ ಅವಳನ್ನು ಸರಿಸಿ ದಿಂಬನ್ನು ಹೊರಗೆಳೆದು, ಧೂಳು ಕೊಡವಿ, ಒಂದು ದೊಡ್ಡ ಚೀಲಕ್ಕೆ ಹಾಕಿದಳು.

"ಎದುರು ಬ್ಲಾಕಿನ ಡಬ್ಬಿ ದೊಡ್ಡದು. ಅಲ್ಲಿ ಹಾಕಿ ಬರ್ತೇನೆ."

"ನೀವು ಇವತ್ತು ಹೊರಗೆ ಹೋಗ್ಬಾರ್ದು. ಕೊಡಿ, ನಾನು ಹೋಗ್ತೀನಿ."

"ಇಲ್ಲ. ನನಗೆ ದಾರಿ ಗೊತ್ತುಂಟು."

ಲಿಫ್ಟಿನಲ್ಲಿ ನೋಡಿಕೊಂಡಾಗ ಚೀಲದ ಮೇಲೆ ಸೆರಗು ತಾನಾಗಿ ಬಂದಿತ್ತು. ಅದನ್ನು ತೆಗೆದಳು.

ಹಸಿರು ಡಬ್ಬಿಯ ಮುಚ್ಚಳ ಎತ್ತಿದಳು. ಒಳಗೆ ಯಾರದೋ ಊಟದ ಡಬ್ಬಿಗಳು, ಒಂದು ಹರಿದ ಚಪ್ಪಲಿ. ನಾಳೆ ಗಾಜಿನ ಕೋಣೆಯಲ್ಲಿ ಅವನ ಕುರ್ಚಿಯಲ್ಲಿ ಯಾರು ಕೂತಿರುತ್ತಾರೋ. ಚೀಲವನ್ನು ಎತ್ತಿ ಹಿಡಿದಳು. ತೋಳು ಸೋಲುವವರೆಗೂ ಹಿಡಿದೇ ಇದ್ದಳು. ಆಮೇಲೆ ಮುಚ್ಚಳವನ್ನು ಮೆಲ್ಲಗೆ ಇಳಿಸಿ, ಚೀಲದೊಂದಿಗೇ ರಸ್ತೆ ದಾಟಿ, ಬಸ್‌ಸ್ಟಾಪಿಗೆ ಬಂದು ಕುಳಿತಳು.

ಅವಳು ಆ ಬೆಂಚಿನಲ್ಲಿ ಎಷ್ಟೋ ಸಲ ಕುಳಿತಿದ್ದಳು, ಆದರೆ ಬಸ್ಸು ಬರುವ ದಿಕ್ಕನ್ನು ಬಿಟ್ಟು ಬೇರೆಡೆ ನೋಡಿರಲಿಲ್ಲ. ಹಸಿರು ಡಬ್ಬಿ ನೇರ ಎದುರಿಗೇ ಇತ್ತು. ಇಷ್ಟು ಹೊಗೆಯಲ್ಲೂ ಅದರ ಮುಚ್ಚಳದ ಹಿಡಿ ಕಾಣುತ್ತಿತ್ತು. ಯಾರಾದರೂ ಅಲ್ಲಿ ನಿಂತರೆ ಸೀರೆಯ ಬಣ್ಣ ಕಾಣುತ್ತದೆ. ಸೆರಗಿನಡಿ ಏನೋ ಇದೆ ಎಂಬುದೂ ಕಾಣುತ್ತದೆ. ಆತುರಾತುರವಾಗಿ ಆಚೀಚೆ ನೋಡುವುದೂ.

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಚಾಲಕ ಅವಳತ್ತ ನೋಡಿದ. ಸುನಂದಾ ತಲೆಯಲ್ಲಾಡಿಸಿದಳು. ಬಾಗಿಲು ಮುಚ್ಚಿ ಬಸ್ಸು ಹೊಗೆಯೊಳಗೆ ಹೋಯಿತು.

ಒಬ್ಬ ಮುದುಕ ಸಾಮಾನಿನೊಂದಿಗೆ ಬಂದು, ಬೆಂಚಿನ ಮೇಲಿದ್ದ ಚೀಲವನ್ನು ನೋಡಿ, ಸ್ವಲ್ಪ ಸರಿಸುತ್ತೀರಾ ಎಂಬಂತೆ ಕೈಸನ್ನೆ ಮಾಡಿದ. ಅವಳು ಚೀಲವನ್ನು ಹಾಗೇ ಬಿಟ್ಟು, ತಾನೇ ಅದಕ್ಕೆ ಒತ್ತಿಕೊಂಡು ಸರಿದು ಕುಳಿತಳು.